ಫ್ಲಾರೆನ್ಸಿನ ಕೂಸುಗಳ ಮನೆ: 1453ಕ್ಕೂ ಮೊದಲೇ ಹುಟ್ಟಿದ ಪುನರುಜ್ಜೀವನ

ನಮ್ಮ ಶಾಲೆಗಳ ಸಮಾಜ ವಿಜ್ಞಾನದ ಪಾಠದಲ್ಲಿ ಯುರೋಪಿನ ಪುನರುಜ್ಜೀವನಕ್ಕೆ ಒಂದು ಸಿದ್ಧ ಕಾರಣವಿದೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು, ಅಲ್ಲಿದ್ದ ಗ್ರೀಕ್ ವಿದ್ವಾಂಸರು ಹಸ್ತಪ್ರತಿಗಳ ಗಂಟು ಕಟ್ಟಿಕೊಂಡು ಇಟಲಿಗೆ ಬಂದರು, ಹಳೆಯ ವಿದ್ಯೆಗೆ ಮರುಜೀವ ಬಂತು. ನಾನೂ ಈ ಉತ್ತರವನ್ನು ಬಾಯಿಪಾಠ ಮಾಡಿ ಬರೆದಿದ್ದೇನೆ. ಈಗ ಅದನ್ನು ಒಂದು ಕಟ್ಟಡದ ಎದುರು ನಿಲ್ಲಿಸಿ ಪರೀಕ್ಷಿಸಬೇಕು ಎನ್ನಿಸುತ್ತದೆ.

ಆ ಕಟ್ಟಡ ಇಟಲಿಯ ಫ್ಲಾರೆನ್ಸ್ ನಗರದ ಸಾಂತಿಸ್ಸಿಮಾ ಅನ್ನುಂಜಿಯಾತಾ ಚೌಕದಲ್ಲಿದೆ. ಹೆಸರು ಓಸ್ಪೆದಾಲೆ ದೆಲಿ ಇನ್ನೊಚೆಂತಿ. ಓಸ್ಪೆದಾಲೆ ಎಂದರೆ ಇಂದು ಆಸ್ಪತ್ರೆ. ಅಂದು ರೋಗಿ, ಯಾತ್ರಿಕ, ದಿಕ್ಕಿಲ್ಲದವರು ಎಲ್ಲರಿಗೂ ಆಸರೆ ಕೊಡುವ ಮನೆಯನ್ನು ಹಾಗೆ ಕರೆಯುತ್ತಿದ್ದರು. ಇನ್ನೊಚೆಂತಿ ಎಂದರೆ ಮುಗ್ಧರು, ಅಂದರೆ ಯೇಸು ಹುಟ್ಟಿದ ಸುದ್ದಿ ಕೇಳಿ ಹೆರೋದ ರಾಜ ಕೊಲ್ಲಿಸಿದನೆಂದು ಬೈಬಲ್ ಹೇಳುವ ಬೆತ್ಲೆಹೇಮಿನ ಗಂಡುಕೂಸುಗಳು. ನಮಗೆ ಕಂಸನ ಕಥೆ ನೆನಪಾಗುವುದು ಸಹಜ. ಹೆತ್ತವರು ಬಿಟ್ಟುಹೋದ ಎಳೆಗೂಸುಗಳಿಗಾಗಿಯೇ ಕಟ್ಟಿದ ಮನೆ ಇದು. ಕೆಲಸ ಶುರುವಾದದ್ದು 1419ರಲ್ಲಿ. ಮೊದಲ ಕೂಸು ಒಳಗೆ ಬಂದದ್ದು 1445ರ ಫೆಬ್ರವರಿ 5ರಂದು. ಕಾನ್‌ಸ್ಟಾಂಟಿನೋಪಲ್ ಬೀಳಲು ಆಗ ಇನ್ನೂ ಎಂಟು ವರ್ಷ ಬಾಕಿಯಿತ್ತು. ಆದರೂ ಪುನರುಜ್ಜೀವನ ವಾಸ್ತುಶಿಲ್ಪದ ಮೊದಲ ಕಟ್ಟಡ ಯಾವುದು ಎಂದು ಕೇಳಿದರೆ ಕಲೆಯ ಇತಿಹಾಸ ಬಲ್ಲವರು ಬೆರಳು ತೋರಿಸುವುದು ಹೆಚ್ಚಾಗಿ ಇದರ ಮೊಗಸಾಲೆಯ ಕಡೆಗೇ. ಇದಕ್ಕೆ ಹಣ ಕೊಟ್ಟವರು ಯಾರು, ಕಟ್ಟಿದವರು ಯಾರು, ಒಳಗೆ ಬಂದ ಮಕ್ಕಳು ಯಾರವರು ಎಂದು ಒಂದೊಂದಾಗಿ ಬಿಡಿಸಿದರೆ ಆ ಯುಗ ಎಲ್ಲಿಂದ ಬಂತು ಎಂಬುದಕ್ಕೆ ಪಠ್ಯಪುಸ್ತಕಕ್ಕಿಂತ ಗಟ್ಟಿಯಾದ ಉತ್ತರ ಸಿಗುತ್ತದೆ.

ಪ್ರಾತೊ ಊರಿನ ವರ್ತಕ

ಫ್ಲಾರೆನ್ಸಿಗೆ ಹತ್ತಿರದ ಪ್ರಾತೊ ಎಂಬ ಊರಿನಲ್ಲಿ ಫ್ರಾಂಚೆಸ್ಕೊ ದಾತೀನಿ ಎಂಬ ಹುಡುಗನಿದ್ದ. ತಂದೆ ಹೆಂಡದಂಗಡಿ ಇಟ್ಟವನು. 1348ರ ಪ್ಲೇಗಿನಲ್ಲಿ ತಂದೆ, ತಾಯಿ, ಇಬ್ಬರು ಒಡಹುಟ್ಟಿದವರು ತೀರಿಕೊಂಡರು. ಉಳಿದ ಹುಡುಗನನ್ನು ಪಿಯೆರಾ ಎಂಬ ಹೆಂಗಸು ತಾಯಿಯಂತೆ ಸಾಕಿದಳು. ಹದಿನೈದರ ಆಸುಪಾಸಿನಲ್ಲಿ ಅವನು ಇಂದಿನ ಫ್ರಾನ್ಸಿನಲ್ಲಿರುವ ಅವಿನ್ಯೋನಿಗೆ ಹೊರಟ. ಪೋಪನ ಆಸ್ಥಾನ ಆಗ ಅಲ್ಲಿತ್ತು, ಹಣವೂ ಅಲ್ಲಿತ್ತು. ಕವಚ, ಆಯುಧ, ಉಣ್ಣೆ, ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿ ಬೆಳೆದ. ಪೀಸಾ, ಜಿನೋವಾ, ಬಾರ್ಸಿಲೋನಾ, ವಲೆನ್ಸಿಯಾಗಳಲ್ಲಿ ವಹಿವಾಟು ಹರಡಿತು. ಲೆಕ್ಕದ ಪುಸ್ತಕಗಳ ಮೇಲೆ ದೇವರ ಹೆಸರನ್ನೂ ಲಾಭದ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆಸುತ್ತಿದ್ದ. ಕಾಗದವೊಂದನ್ನೂ ಎಸೆಯದ ಮನುಷ್ಯ. ಅವನ ಮನೆಯಲ್ಲಿ ಉಳಿದ ಸುಮಾರು ಒಂದೂವರೆ ಲಕ್ಷ ಪತ್ರಗಳಿಂದಾಗಿ ಆ ಕಾಲದ ವರ್ತಕನೊಬ್ಬನ ಬದುಕು ನಮಗೆ ಇಷ್ಟು ಹತ್ತಿರದಿಂದ ಕಾಣುತ್ತದೆ.

ಆ ಪತ್ರಗಳಲ್ಲಿ ಮನಸ್ಸು ಕಲಕುವ ಒಂದಿದೆ. ಜಿನೋವಾದಲ್ಲಿದ್ದ ತನ್ನವರಿಗೆ ದಾತೀನಿ ಬರೆಯುತ್ತಾನೆ: ಎಂಟರಿಂದ ಹತ್ತು ವರ್ಷದೊಳಗಿನ ಒಬ್ಬ ದಾಸಿಯನ್ನು ಕೊಂಡು ಕಳುಹಿಸಿ, ಗಟ್ಟಿಮುಟ್ಟಾಗಿರಲಿ, ಪಾತ್ರೆ ತೊಳೆಯಲು, ಸೌದೆ ಹೊರಲು, ರೊಟ್ಟಿ ಸುಡುವಲ್ಲಿಗೆ ಹಿಟ್ಟು ಒಯ್ಯಲು ಬೇಕು. ಪ್ಲೇಗಿನಿಂದ ಆಳುಗಳೇ ಸಿಗದಂತಾಗಿದ್ದ ಫ್ಲಾರೆನ್ಸ್ 1363ರಲ್ಲಿ ಕಾನೂನು ಮಾಡಿ, ಕ್ರೈಸ್ತರಲ್ಲದ ಹೊರನಾಡಿನ ಗುಲಾಮರನ್ನು ತರಲು ಅನುಮತಿ ಕೊಟ್ಟಿತ್ತು. ಕಪ್ಪು ಸಮುದ್ರದ ಬಂದರುಗಳಿಂದ ತಾರ್ತಾರ್, ಸರ್ಕೇಸಿಯನ್, ರಷ್ಯನ್ ಹುಡುಗಿಯರು ಜಿನೋವಾ, ವೆನಿಸ್ ಹಡಗುಗಳಲ್ಲಿ ಬರುತ್ತಿದ್ದರು. ಬಂದವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ, ಏಕೆಂದರೆ ಬೇಡಿಕೆಯಿದ್ದದ್ದು ಮನೆಗೆಲಸಕ್ಕೆ. ಮನೆಯೊಳಗಿನ ದಾಸಿಗೆ ಯಜಮಾನನಿಂದ ರಕ್ಷಣೆ ಕೊಡುವವರು ಯಾರೂ ಇರಲಿಲ್ಲ.

ದಾತೀನಿಯ ಹೆಂಡತಿ ಮಾರ್ಗರೀತಾಗೆ ಮಕ್ಕಳಾಗಲಿಲ್ಲ. 1392ರಲ್ಲಿ ಅವನ ದಾಸಿ ಲೂಚಿಯಾ ಒಂದು ಹೆಣ್ಣುಕೂಸು ಹೆತ್ತಳು, ತಂದೆ ದಾತೀನಿಯೇ. ಲೂಚಿಯಾಳನ್ನು ಆಳೊಬ್ಬನಿಗೆ ಮದುವೆ ಮಾಡಿಕೊಟ್ಟರು. ಮಗು ಜಿನೇವ್ರಾ ಬೇರೆಯವರ ಮಡಿಲಲ್ಲಿ ಹಾಲು ಕುಡಿದು ಬೆಳೆದಳು. ಆರು ವರ್ಷದವಳಾಗುವ ಹೊತ್ತಿಗೆ ಅವಳನ್ನು ಮನೆಗೆ ಕರೆತಂದರು. ಮಾರ್ಗರೀತಾ ಅವಳನ್ನು ಮಗಳಂತೆಯೇ ಸಾಕಿದಳು. ಮುಂದೆ ದೊಡ್ಡ ವರದಕ್ಷಿಣೆ ಕೊಟ್ಟು ಮದುವೆಯೂ ಆಯಿತು. ಜಿನೇವ್ರಾಳ ಅದೃಷ್ಟ ಒಳ್ಳೆಯದಿತ್ತು. ಅವಳಂತೆ ಹುಟ್ಟಿದ ಹೆಚ್ಚಿನ ಮಕ್ಕಳನ್ನು ಯಾರೂ ಮನೆಗೆ ಮರಳಿ ಕರೆಯಲಿಲ್ಲ.

1410ರಲ್ಲಿ ದಾತೀನಿ ತೀರಿಕೊಂಡ. ಆಸ್ತಿಯ ಬಹುಪಾಲನ್ನು ಪ್ರಾತೊದ ಬಡವರಿಗೆ ಬರೆದಿಟ್ಟಿದ್ದ. ಅದರ ಜೊತೆಗೆ ಫ್ಲಾರೆನ್ಸಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಗೆ 1000 ಫ್ಲೋರಿನ್; ಬಿಟ್ಟುಹೋದ ಕೂಸುಗಳಿಗಾಗಿ ನಗರದಲ್ಲಿ ಒಂದು ಹೊಸ ಮನೆ ಕಟ್ಟಲು. ಫ್ಲೋರಿನ್ ಎಂದರೆ ಸುಮಾರು ಮೂರೂವರೆ ಗ್ರಾಂ ಅಪ್ಪಟ ಚಿನ್ನ. ಸಾವಿರ ಎಂದರೆ ಮೂರೂವರೆ ಕಿಲೋ. ಅವನ ಆತ್ಮೀಯ ಗೆಳೆಯ ಲಾಪೊ ಮಾಝೆಯಿ ಅದೇ ಆಸ್ಪತ್ರೆಯ ಪತ್ರ ಬರೆಯುವ ನೋಟರಿ. ಸಂಪತ್ತಿನ ಪಾಪಭಾರವನ್ನು ಇಳಿಸಿಕೋ ಎಂದು ವರ್ಷಗಟ್ಟಲೆ ದಾತೀನಿಗೆ ಬುದ್ಧಿ ಹೇಳಿದವನು. ದಾನಕ್ಕೆ ಅದೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಅಪ್ಪ ಅಮ್ಮನನ್ನು ಒಂದೇ ವರ್ಷ ಕಳೆದುಕೊಂಡ ಹುಡುಗ, ದಾಸಿಯ ಹೊಟ್ಟೆಯಲ್ಲಿ ಮಗಳನ್ನು ಪಡೆದ ಯಜಮಾನ, ಇಬ್ಬರೂ ಆ ಉಯಿಲಿನಲ್ಲಿ ಇದ್ದಾರೆ.

ರೇಷ್ಮೆ ಸಂಘದ ಮರ್ಯಾದೆ

ಸಾವಿರ ಫ್ಲೋರಿನ್ನಿನಲ್ಲಿ ಅಂಥ ಕಟ್ಟಡ ಏಳುವುದಿಲ್ಲ. ಹೊಣೆ ಹೊತ್ತದ್ದು ರೇಷ್ಮೆ ವರ್ತಕರ ವೃತ್ತಿಸಂಘ. ಫ್ಲಾರೆನ್ಸನ್ನು ರಾಜ ಆಳುತ್ತಿರಲಿಲ್ಲ. ವೃತ್ತಿಸಂಘಗಳಲ್ಲಿ ಹೆಸರು ಬರೆಸಿದವರಿಗೆ ಮಾತ್ರ ಅಧಿಕಾರದ ಹುದ್ದೆ. ಏಳು ದೊಡ್ಡ ಸಂಘಗಳ ನಡುವೆ ಪೈಪೋಟಿ. ಹೊರನಾಡಿನ ಬಟ್ಟೆ ತರುವ ವರ್ತಕರ ಸಂಘದ ಕೈಯಲ್ಲಿ ಕೂಸುಗಳಿಗೆ ಕ್ರೈಸ್ತ ದೀಕ್ಷೆ ಕೊಡುವ ನಗರದ ದೀಕ್ಷಾಸ್ನಾನ ಮಂದಿರ, ಉಣ್ಣೆ ಸಂಘದ ಕೈಯಲ್ಲಿ ಮಹಾಮಂದಿರ, ಅಂದರೆ ನಗರದ ಮುಖ್ಯ ಚರ್ಚು. ಮೊದಲನೆಯವರು 1401ರಲ್ಲಿ ಕಂಚಿನ ಬಾಗಿಲಿಗಾಗಿ ಶಿಲ್ಪಿಗಳ ಸ್ಪರ್ಧೆ ನಡೆಸಿದರು, ಎರಡನೆಯವರು 1418ರಲ್ಲಿ ಮಹಾಗುಮ್ಮಟಕ್ಕಾಗಿ ಸ್ಪರ್ಧೆ ಕರೆದರು. ರೇಷ್ಮೆ ಸಂಘ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಅದು ಆಗಲೇ ಸಾನ್ ಗಾಲೊ ಎಂಬ ಹಳೆಯ ಆಶ್ರಯಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿತ್ತು; ಅಲ್ಲಿಯೂ ಕೂಸುಗಳನ್ನು ತೆಗೆದುಕೊಳ್ಳುತ್ತಿದ್ದರು. ಆದರೆ ಕೂಸುಗಳಿಗಾಗಿಯೇ ಮೀಸಲಾದ, ಚೌಕದ ಮಗ್ಗುಲಿಗೆ ಎದ್ದು ನಿಲ್ಲುವ ಕಟ್ಟಡದ ಮಾತೇ ಬೇರೆ.

ಇದನ್ನು ಬರಿಯ ಪ್ರತಿಷ್ಠೆ ಎಂದು ಬದಿಗಿಡುವುದು ತಪ್ಪು. ಪ್ಲೇಗಿಗೆ ಮುಂಚೆ ತೊಂಬತ್ತು ಸಾವಿರ ಜನರಿದ್ದ ನಗರದಲ್ಲಿ 1427ರ ತೆರಿಗೆ ಗಣತಿಯ ಹೊತ್ತಿಗೆ ಉಳಿದದ್ದು ಮೂವತ್ತೆಂಟು ಸಾವಿರದಷ್ಟು. ಆಸ್ತಿ, ಸಾಲ, ಬಾಯಿಗಳ ಸಂಖ್ಯೆಯನ್ನು ಮನೆಮನೆಯವರಿಂದಲೂ ಬರೆಸಿಕೊಂಡ ಆ ಗಣತಿಯನ್ನು ಅವರು ಕತಾಸ್ತೊ ಎಂದು ಕರೆದರು. ಇಷ್ಟು ಕುಗ್ಗಿದ ನಗರಕ್ಕೆ ಒಂದೊಂದು ಕೂಸೂ ನಾಳಿನ ದುಡಿಯುವ ಕೈ, ನಾಳಿನ ಗೃಹಿಣಿ. ಮಕ್ಕಳನ್ನು ಉಳಿಸಿಕೊಳ್ಳುವುದು ಧರ್ಮವೂ ಹೌದು, ನಗರದ ಅಗತ್ಯವೂ ಹೌದು ಎಂದು ಅವರಿಗೆ ಒಟ್ಟಿಗೇ ಅನ್ನಿಸಿತು. ಗಣ್ಯ ಮನೆತನದ ರಿನಾಲ್ದೊ ದೆಲಿ ಆಲ್ಬಿಝಿಯಿಂದ ಜಮೀನು ಕೊಂಡು, ಸಂಘ ತನ್ನ ಸದಸ್ಯನೊಬ್ಬನನ್ನೇ ಕರೆಯಿತು. ಅವನು ವೃತ್ತಿಯಿಂದ ಅಕ್ಕಸಾಲಿಗ. ಅಕ್ಕಸಾಲಿಗರು ರೇಷ್ಮೆ ಸಂಘಕ್ಕೇ ಸೇರಿದವರು. ಹೆಸರು ಫಿಲಿಪ್ಪೊ ಬ್ರುನೆಲೆಸ್ಕಿ. ವಯಸ್ಸು ನಲವತ್ತೆರಡು.

ಕಂಬ, ಕಮಾನು, ಒಂದು ತಪ್ಪು

1401ರ ಬಾಗಿಲ ಸ್ಪರ್ಧೆಯಲ್ಲಿ ಬ್ರುನೆಲೆಸ್ಕಿಗೆ ಕೆಲಸ ದಕ್ಕಲಿಲ್ಲ. ದಕ್ಕಿದ್ದು ಲೊರೆಂಜೊ ಗಿಬೆರ್ತಿಗೆ. ಆಮೇಲೆ ಅವನು ಶಿಲ್ಪಿ ದೊನಾತೆಲ್ಲೊ ಜೊತೆ ರೋಮಿಗೆ ಹೋಗಿ ಪಾಳುಬಿದ್ದ ಗುಡಿಗಳನ್ನು, ಸ್ನಾನಗೃಹಗಳನ್ನು ಅಳೆದನೆಂದು ಅವನ ಜೀವನಚರಿತ್ರೆ ಬರೆದ ಆಂತೊನಿಯೊ ಮನೆತ್ತಿ ಹೇಳುತ್ತಾನೆ. ಅನಾಥಾಲಯದ ಕೆಲಸ ಶುರುವಾದ ಮರುವರ್ಷವೇ ಮಹಾಮಂದಿರದ ಗುಮ್ಮಟದ ಕೆಲಸವೂ ಶುರುವಾಯಿತು. ಗುಮ್ಮಟದ ಮೇಲೆ ಎಲ್ಲರ ಕಣ್ಣು. ನನಗೆ ಮೊಗಸಾಲೆಯ ಮೇಲೆ ಹೆಚ್ಚು ಪ್ರೀತಿ.

ಎದುರು ನಿಂತು ನೋಡಿ. ಒಂಬತ್ತು ಅರ್ಧವೃತ್ತದ ಕಮಾನುಗಳು, ತೆಳುವಾದ ದುಂಡು ಕಂಬಗಳ ಮೇಲೆ. ಕಂಬ, ಕಮಾನಿನ ಅಂಚು, ಕಿಟಕಿಯ ಚೌಕಟ್ಟು ಎಲ್ಲವೂ ಸುತ್ತಲ ಬೆಟ್ಟಗಳ ಬೂದು ಬಣ್ಣದ ಮರಳುಗಲ್ಲು. ನಡುವಿನ ಗೋಡೆ ಬಿಳಿಯ ಗಾರೆ. ಬ್ರುನೆಲೆಸ್ಕಿ ಬೇರೆ ಬಣ್ಣವನ್ನೇ ಬಳಸಲಿಲ್ಲ. ಆಗ ಯುರೋಪಿನಲ್ಲಿ ರೂಢಿಯಲ್ಲಿದ್ದ ಗೋಥಿಕ್ ಶೈಲಿಯ ಮೊನಚಾದ ಕಮಾನು, ಕೆತ್ತನೆಯ ದಟ್ಟಣೆ ಯಾವುದೂ ಇಲ್ಲ. ಕಂಬದ ಎತ್ತರ ಎಷ್ಟೋ ಕಂಬದಿಂದ ಕಂಬಕ್ಕೆ ಅಂತರ ಅಷ್ಟೇ. ಕಂಬದಿಂದ ಹಿಂದಿನ ಗೋಡೆಗೂ ಅಷ್ಟೇ. ಅಂದರೆ ಒಂದೊಂದು ಅಂಕಣವೂ ಕಣ್ಣಿಗೆ ಕಾಣದ ಒಂದೊಂದು ಘನ. ಅದರ ಮೇಲೆ ಮಗುಚಿದ ಬೋಗುಣಿಯಂಥ ಪುಟ್ಟ ಗುಮ್ಮಟ. ಒಂದು ಅಳತೆ ಗೊತ್ತಾದರೆ ಉಳಿದದ್ದು ಗೊತ್ತಾದಂತೆ. ಅವರ ಅಳತೆ ಬ್ರಾಚ್ಚೊ, ಅಂದರೆ ತೋಳು. ನಮ್ಮ ಮೊಳದಂತೆ ಮನುಷ್ಯನ ಮೈಯಿಂದಲೇ ಹುಟ್ಟಿದ ಅಳತೆ, ಸುಮಾರು 58 ಸೆಂಟಿಮೀಟರ್. ಒಳಗೆ ಎಡಕ್ಕೆ ಚರ್ಚು, ಬಲಕ್ಕೆ ಮಕ್ಕಳ ವಸತಿ, ನಡುವೆ ತೆರೆದ ಅಂಗಳ. ಆ ಅಂಗಳದ ಸುತ್ತ ಕೈಸಾಲೆ.

ಬ್ರುನೆಲೆಸ್ಕಿ ಈ ರೂಪವನ್ನು ಎಲ್ಲಿಂದ ತೆಗೆದ? ರೋಮಿನಿಂದ ಎಂಬುದು ಬಾಯಿಗೆ ಬರುವ ಉತ್ತರ. ಆದರೆ ರೋಮಿನ ದೊಡ್ಡ ಕಟ್ಟಡಗಳಲ್ಲಿ ಕಮಾನನ್ನು ಹೊರುವುದು ಸಾಮಾನ್ಯವಾಗಿ ದಪ್ಪ ಗೋಡೆಗಂಬ. ಹೀಗೆ ತೆಳುವಾದ ಒಂಟಿ ಕಂಬದ ಮೇಲೆ ಕಮಾನು ಕೂತಿರುವುದು ಫ್ಲಾರೆನ್ಸಿನ ಹಳೆಯ ಚರ್ಚುಗಳಲ್ಲಿ. ಸಾಂತಿ ಅಪೊಸ್ತೊಲಿ ಎಂಬ ಪುಟ್ಟ ಚರ್ಚಿನಲ್ಲಿ ಇದೇ ಸಾಲು ಇದೆ. ಆಸ್ಪತ್ರೆಯ ಮುಂದೆ ಮೊಗಸಾಲೆ ಇಡುವ ಪದ್ಧತಿಯೂ ಹೊಸದಲ್ಲ. ಹತ್ತಿರದಲ್ಲೇ ಇದ್ದ ಸಾನ್ ಮತ್ತೇಯೊ ಆಸ್ಪತ್ರೆಗೆ ಅದು ಆಗಲೇ ಇತ್ತು. ಇನ್ನು ದೀಕ್ಷಾಸ್ನಾನ ಮಂದಿರದ ವಿಷಯ. ಅದು ಪ್ರಾಚೀನ ರೋಮನರು ಕಟ್ಟಿದ ಯುದ್ಧದೇವತೆಯ ಗುಡಿ ಎಂದು ಆ ಊರಿನವರು ನಂಬಿದ್ದರು. ನಿಜವಾಗಿ ಇಂದು ಕಾಣುವ ಕಟ್ಟಡ 11, 12ನೇ ಶತಮಾನದ್ದು. ಅಂದರೆ ಪ್ರಾಚೀನ ಎಂದು ಅವರು ಕೈಮುಗಿದದ್ದರಲ್ಲಿ ಒಂದು ಭಾಗ ತಮ್ಮದೇ ಮುತ್ತಜ್ಜಂದಿರ ಕೆಲಸ. ಬ್ರುನೆಲೆಸ್ಕಿಯ ಹೊಸತನ ಬಂದದ್ದು ತನ್ನ ಊರಿನ ಗೋಡೆಗಳನ್ನು ರೋಮಿನ ಅಳತೆಗಣ್ಣಿನಿಂದ ಮತ್ತೆ ಓದಿದ್ದರಿಂದ.

ಮನೆತ್ತಿ ಹೇಳುವ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. 1427ರ ನಂತರ ಗುಮ್ಮಟದ ಕೆಲಸದಲ್ಲಿ ಮುಳುಗಿದ್ದ ಬ್ರುನೆಲೆಸ್ಕಿಯ ಕೈಯಿಂದ ಈ ಕೆಲಸ ತಪ್ಪಿ, ಸಂಘದ ಸದಸ್ಯನಾದ ಫ್ರಾಂಚೆಸ್ಕೊ ದೆಲ್ಲಾ ಲೂನಾ ಉಸ್ತುವಾರಿಗೆ ಬಂದ. ಕಮಾನುಗಳ ಮೇಲೆ ಅಡ್ಡಲಾಗಿ ಓಡುವ ಕಲ್ಲಿನ ಪಟ್ಟಿಯನ್ನು ಅವನು ಕೊನೆಯಲ್ಲಿ ಸಮಕೋನದಲ್ಲಿ ಕೆಳಕ್ಕೆ ಬಗ್ಗಿಸಿ ಬುಡದವರೆಗೆ ಇಳಿಸಿಬಿಟ್ಟ. ತೊಲೆ ಎಂದರೆ ಭಾರ ಹೊರುವುದು, ಅದು ಮಲಗಿರಬೇಕು. ಬಾಗಿಲ ಚೌಕಟ್ಟಿನಂತೆ ಕೆಳಗಿಳಿದರೆ ಅದಕ್ಕೆ ಅರ್ಥವಿಲ್ಲ. ಬ್ರುನೆಲೆಸ್ಕಿ ನೋಡಿ ಸಿಟ್ಟಾದ. ದೀಕ್ಷಾಸ್ನಾನ ಮಂದಿರದಲ್ಲಿ ಹೀಗೆಯೇ ಇದೆ, ಅದನ್ನು ನೋಡಿಯೇ ಮಾಡಿದೆ ಎಂದು ದೆಲ್ಲಾ ಲೂನಾ ಸಮರ್ಥಿಸಿಕೊಂಡ. ಆ ಕಟ್ಟಡದಲ್ಲಿ ಇರುವುದು ಒಂದೇ ತಪ್ಪು, ನೀನು ಅದನ್ನೇ ಆರಿಸಿಕೊಂಡೆ ಎಂದು ಬ್ರುನೆಲೆಸ್ಕಿ ಹೇಳಿದನಂತೆ. ಆ ಬಗ್ಗಿದ ಪಟ್ಟಿ ಇಂದಿಗೂ ಅಲ್ಲಿದೆ. ಇಬ್ಬರೂ ಹಳೆಯದನ್ನೇ ನೋಡಿದವರು. ದೆಲ್ಲಾ ಲೂನಾ ಹಳೆಯದು ಎಂಬ ಕಾರಣಕ್ಕೆ ನಕಲು ಮಾಡಿದ; ಬ್ರುನೆಲೆಸ್ಕಿ ಹಳೆಯದನ್ನೂ ಕಾರಣ ಕೇಳಿದ. ಇದಕ್ಕಿಂತ ಚಿಕ್ಕ ಜಾಗದಲ್ಲಿ ಪುನರುಜ್ಜೀವನದ ಸ್ವಭಾವವನ್ನು ತೋರಿಸುವ ಇನ್ನೊಂದು ಗುರುತು ನನಗೆ ಸಿಕ್ಕಿಲ್ಲ.

ಕಟ್ಟಡ ಮುಗಿಯಲು ಕಾಲು ಶತಮಾನ ಬೇಕಾಯಿತು. ಮಿಲಾನಿನೊಂದಿಗೆ, ಲುಕ್ಕಾದೊಂದಿಗೆ ಯುದ್ಧ. ತೆರಿಗೆಯ ಮೇಲೆ ತೆರಿಗೆ. ಸಂಘದ ಕೈ ಬರಿದು. ಜಮೀನು ಮಾರಿದ ರಿನಾಲ್ದೊ 1434ರಲ್ಲಿ ಗಡೀಪಾರಾದ. ಅವನ ವೈರಿ ಕೋಸಿಮೊ ಮೆಡಿಚಿ ನಗರದ ಯಜಮಾನನಂತಾದ. ಮೊಗಸಾಲೆ ಮಾತ್ರ ಕೂಸುಗಳಿಲ್ಲದೆ ವರ್ಷಗಟ್ಟಲೆ ನಿಂತಿತ್ತು.

ಆಗಾತಾ

1445ರ ಜನವರಿ ಕೊನೆಯಲ್ಲಿ ಬಾಗಿಲು ತೆರೆಯಿತು. ಫೆಬ್ರವರಿ 5ರಂದು ಮೊದಲ ಕೂಸು ಬಂತು, ಹೆಣ್ಣು. ಅಂದು ಸಂತ ಆಗಾತಾಳ ಹಬ್ಬ. ಮಗುವಿಗೆ ಆಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಫ್ಲಾರೆನ್ಸಿನವರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅವರ ಲೆಕ್ಕದಲ್ಲಿ ಅದಿನ್ನೂ 1444.

ಮೊಗಸಾಲೆಯಲ್ಲಿ ಕಲ್ಲಿನ ಒಂದು ತೊಟ್ಟಿಯಿತ್ತು. ರಾತ್ರಿ ಹೊತ್ತು ಯಾರೋ ಬಂದು ಕೂಸನ್ನು ಅದರಲ್ಲಿಟ್ಟು ಹೋಗುತ್ತಿದ್ದರು. ಒಳಗಿನವರು ಎತ್ತಿಕೊಂಡು, ದೀಕ್ಷಾಸ್ನಾನ ಮಾಡಿಸಿ, ‘ದಾದಿಯರು ಮತ್ತು ಮಕ್ಕಳು’ ಎಂಬ ಹೆಸರಿನ ದಪ್ಪ ದಫ್ತರದಲ್ಲಿ ಬರೆದುಕೊಳ್ಳುತ್ತಿದ್ದರು: ಯಾವ ದಿನ, ಮೈಮೇಲೆ ಎಂಥ ಬಟ್ಟೆ, ಕೊರಳಲ್ಲಿ ಏನಾದರೂ ಇತ್ತೇ, ಚೀಟಿ ಇತ್ತೇ, ತಂದವರು ಏನೆಂದರು, ಯಾವ ದಾದಿಗೆ ಒಪ್ಪಿಸಿದೆವು, ಎಷ್ಟು ಕೊಟ್ಟೆವು, ಮಗು ಏನಾಯಿತು. ಇದು ದಾತೀನಿಯಂಥ ವರ್ತಕರ ಲೆಕ್ಕ ಬರೆಯುವ ಶಿಸ್ತೇ. ಬಟ್ಟೆಯ ಮೂಟೆಗೆ ಬಳಸುತ್ತಿದ್ದ ಅದೇ ಎಚ್ಚರ ಇಲ್ಲಿ ಹರಕು ಬಟ್ಟೆ ಸುತ್ತಿದ ಕೂಸಿಗೂ ಬಂತು. ಅದಕ್ಕೂ ಮೊದಲು ಅಂಥ ಮಕ್ಕಳು ಹೆಸರಿಲ್ಲದೆ ಹುಟ್ಟಿ ಹೆಸರಿಲ್ಲದೆ ಸಾಯುತ್ತಿದ್ದದ್ದೇ ಹೆಚ್ಚು. ಮೊಗಸಾಲೆಯ ಕಮಾನುಗಳಷ್ಟೇ ಈ ದಫ್ತರವನ್ನೂ ನಾನು ಆ ಯುಗದ ದೊಡ್ಡ ಕೃತಿಯೆಂದು ಎಣಿಸುತ್ತೇನೆ.

ಬಂದವರು ಯಾರ ಮಕ್ಕಳು ಎಂಬುದು ಆ ದಫ್ತರದಿಂದಲೇ ಗೊತ್ತಾಗುತ್ತದೆ. ಮೊದಲ ವರ್ಷಗಳಲ್ಲಿ ಹುಟ್ಟಿನ ಮೂಲ ತಿಳಿದವರ ಪೈಕಿ ದೊಡ್ಡ ಪಾಲು ದಾಸಿಯರ ಮಕ್ಕಳು. ತಂದೆ ಮನೆಯ ಯಜಮಾನನೋ ಅವನ ಮಗನೋ ಗೆಳೆಯನೋ. ಹೆತ್ತ ದಾಸಿಗೆ ಎದೆಹಾಲು ಇರುತ್ತಿತ್ತಲ್ಲ. ಅವಳ ಕೂಸನ್ನು ಇಲ್ಲಿಗೆ ಕಳುಹಿಸಿ, ಅವಳನ್ನು ಶ್ರೀಮಂತರ ಮಗುವಿಗೆ ಹಾಲೂಡಿಸಲು ಬಾಡಿಗೆಗೆ ಕೊಟ್ಟು ಹಣ ಎಣಿಸಿದ ಯಜಮಾನರೂ ಇದ್ದರು. ಕ್ಷಾಮದ ವರ್ಷ ಬಂದರೆ ಮದುವೆಯಾದ ಬಡವರ ಮಕ್ಕಳೂ ಬರುತ್ತಿದ್ದರು. ಗಂಡಿಗಿಂತ ಹೆಣ್ಣುಕೂಸುಗಳು ಹೆಚ್ಚು. ಕಾರಣ ನಮಗೆ ಅರ್ಥವಾಗದ್ದಲ್ಲ. ವರದಕ್ಷಿಣೆಯ ಭಾರ ಎಷ್ಟಿತ್ತೆಂದರೆ, 1425ರಲ್ಲಿ ಫ್ಲಾರೆನ್ಸಿನ ಸರ್ಕಾರವೇ ವರದಕ್ಷಿಣೆಯ ನಿಧಿಯೊಂದನ್ನು ತೆರೆದು, ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟರೆ ಮದುವೆಯ ಹೊತ್ತಿಗೆ ಬೆಳೆದ ಮೊತ್ತ ಕೊಡುತ್ತಿತ್ತು. ಠೇವಣಿ ಇಡಲು ಏನೂ ಇಲ್ಲದವರಿಗೆ ಕಲ್ಲಿನ ತೊಟ್ಟಿ.

ಬದುಕುಳಿದವರು ಕಡಿಮೆ ಎಂಬುದನ್ನು ಮುಚ್ಚಿಡಬಾರದು. ಎಳೆಗೂಸಿಗೆ ಬೇಕಾದದ್ದು ಹಾಲು, ಮನೆಯಲ್ಲಿ ಕೂಸು ಹೆಚ್ಚು, ದಾದಿಯರು ಕಡಿಮೆ. ಹೆಚ್ಚಿನ ಮಕ್ಕಳನ್ನು ಹಳ್ಳಿಗಳ ದಾದಿಯರಿಗೆ ತಿಂಗಳ ಸಂಬಳಕ್ಕೆ ಒಪ್ಪಿಸುತ್ತಿದ್ದರು. ಶ್ರೀಮಂತರು ಹೆಚ್ಚು ಕೊಡುತ್ತಿದ್ದದ್ದರಿಂದ ಒಳ್ಳೆಯ ದಾದಿಯರು ಅತ್ತ ಹೋಗುತ್ತಿದ್ದರು. ಕೆಲವು ವರ್ಷ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಸುಗಳು ವರ್ಷ ತುಂಬುವ ಮೊದಲೇ ಸತ್ತವು. ಉಳಿದು ಮರಳಿ ಬಂದ ಗಂಡುಮಕ್ಕಳಿಗೆ ಓದು ಬರಹ ಕಲಿಸಿ ಯಾವುದಾದರೂ ಕಸುಬಿಗೆ ಹಚ್ಚುತ್ತಿದ್ದರು. ಹೆಣ್ಣುಮಕ್ಕಳು ನೂಲು ತೆಗೆದರು, ನೇಯ್ದರು, ರೇಷ್ಮೆಯ ಕೆಲಸ ಮಾಡಿದರು. ಸಾಕುವ ಸಂಘ ರೇಷ್ಮೆ ವರ್ತಕರದ್ದು, ಅಗ್ಗದ ಕೈಗಳೂ ಅದಕ್ಕೇ ಸಿಕ್ಕವು. ಮದುವೆಯ ವಯಸ್ಸಿಗೆ ಬಂದವಳಿಗೆ ಸಂಸ್ಥೆಯೇ ಒಂದು ಚಿಕ್ಕ ವರದಕ್ಷಿಣೆ ಹೊಂದಿಸಬೇಕಿತ್ತು. ಹೊಂದದಿದ್ದರೆ ಅವಳು ಅದೇ ಗೋಡೆಗಳೊಳಗೆ ಮುದುಕಿಯಾಗುತ್ತಿದ್ದಳು.

ನೀಲಿ ಬಟ್ಟಲಲ್ಲಿ ಹತ್ತು ಕೂಸು

ಬ್ರುನೆಲೆಸ್ಕಿ ಕಮಾನುಗಳ ನಡುವೆ ಬಟ್ಟಲಿನಂಥ ದುಂಡು ಗುಳಿಗಳನ್ನು ಬಿಟ್ಟಿದ್ದ. ಅವು ಬಹಳ ಕಾಲ ಬರಿದಾಗಿದ್ದವು. 1487ರಲ್ಲಿ ಆಂದ್ರೆಯಾ ದೆಲ್ಲಾ ರೊಬ್ಬಿಯಾ ಅವುಗಳಿಗೆ ಹತ್ತು ಕೂಸುಗಳನ್ನು ಮಾಡಿಕೊಟ್ಟ. ಸುಟ್ಟ ಜೇಡಿಮಣ್ಣು, ಅದರ ಮೇಲೆ ಗಾಜಿನಂತೆ ಹೊಳೆಯುವ ಲೇಪ; ಈ ತಂತ್ರವನ್ನು ಶಿಲ್ಪಕ್ಕೆ ತಂದವನು ಅವನ ಚಿಕ್ಕಪ್ಪ ಲೂಕಾ. ಹಿನ್ನೆಲೆ ಆಕಾಶನೀಲಿ, ಕೂಸು ಬಿಳಿ. ಆಗಿನ ಇಟಲಿಯಲ್ಲಿ ಹುಟ್ಟಿದ ಮಗುವಿನ ಕೈಕಾಲು ನೆಟ್ಟಗಾಗಲೆಂದು ಮೈತುಂಬ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತುತ್ತಿದ್ದರು. ಆಂದ್ರೆಯಾನ ಕೂಸುಗಳಿಗೂ ಸೊಂಟದಿಂದ ಕೆಳಗೆ ಪಟ್ಟಿ ಸುತ್ತಿದೆ, ಆದರೆ ಎರಡೂ ಕೈ ಬಿಡುವಾಗಿ ಚಾಚಿವೆ. ಎತ್ತಿಕೊಳ್ಳಿ ಎನ್ನುವ ಕೈಗಳು. ಒಂದೊಂದರ ಮುಖ ಒಂದೊಂದು ಬಗೆ. ಒಂದಿಬ್ಬರ ಪಟ್ಟಿ ಸಡಿಲಾಗಿ ಕಳಚುತ್ತಿದೆ. ಚೌಕದಲ್ಲಿ ಹಾದುಹೋಗುವ ಸಂಸಾರಸ್ಥರು ದಿನವೂ ತಲೆಯೆತ್ತಿ ನೋಡಬೇಕಾದ ಜಾಗದಲ್ಲಿ ಅವು ಇವೆ. ದಾನಕ್ಕೆ ಕರೆಯುವ ಫಲಕವೂ ಅವೇ. ಮುಂದೆ ಕಟ್ಟಡದ ಮುಖವನ್ನು ಉದ್ದ ಮಾಡಿದಾಗ, 1845ರಲ್ಲಿ, ಇನ್ನೂ ನಾಲ್ಕನ್ನು ಅದೇ ಮಾದರಿಯಲ್ಲಿ ಮಾಡಿಸಿ ಸೇರಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಲಾಂಛನದಲ್ಲಿರುವುದು ಇದೇ ಕೂಸು.

ಒಳಗಿನ ಚರ್ಚಿನ ಮುಖ್ಯ ಪೀಠಕ್ಕೆ ಒಂದು ಚಿತ್ರ ಬೇಕಾಯಿತು. 1485ರ ಅಕ್ಟೋಬರ್ 23ರಂದು ಸಂಸ್ಥೆಯ ಮುಖ್ಯಸ್ಥ ಫ್ರಾಂಚೆಸ್ಕೊ ತೆಸೋರಿಗೂ ಚಿತ್ರಕಾರ ದೊಮೆನಿಕೊ ಗಿರ್ಲಾಂದಾಯೊಗೂ ಕರಾರಾಯಿತು. ಆ ಪತ್ರ ಉಳಿದಿದೆ. ಕಾಗದದ ಮೇಲೆ ತೋರಿಸಿದ ನಕ್ಷೆಯಂತೆಯೇ, ತನ್ನ ಕೈಯಿಂದಲೇ ಬರೆಯಬೇಕು. ಬಣ್ಣ, ಚಿನ್ನದ ಪುಡಿ ಅವನದೇ ಖರ್ಚು. ನೀಲಿ ಬಣ್ಣ ಔನ್ಸಿಗೆ ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು. ಅದು ಇಂದಿನ ಅಫ್ಘಾನಿಸ್ತಾನದ ಬದಖ್ಶಾನಿನ ಗಣಿಗಳಿಂದ ಬರುವ ಕಲ್ಲನ್ನು ಅರೆದು ಮಾಡುವ ಬಣ್ಣ. ಮೂವತ್ತು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ದಂಡ. ಒಟ್ಟು 115 ಫ್ಲೋರಿನ್, ತಿಂಗಳಿಗೆ ಮೂರರಂತೆ; ಗೊತ್ತುಮಾಡಿದ ಸನ್ಯಾಸಿಯೊಬ್ಬರು ನೋಡಿ ಅಷ್ಟು ಬಾಳುವುದಿಲ್ಲ ಎಂದರೆ ಕಡಿಮೆ. ಕಲಾವಿದನನ್ನು ಏಕಾಂತ ಪ್ರತಿಭೆಯೆಂದು ನೋಡುವುದು ನಮಗೆ ರೂಢಿಯಾಗಿದೆ. ಅಂದಿನವರ ಕಣ್ಣಿಗೆ ಅವನು ಕರಾರಿಗೆ ಕಟ್ಟುಬಿದ್ದ ಕುಶಲಕರ್ಮಿ. ಚಿತ್ರ ಮುಗಿದ 1488ರಲ್ಲೇ ಹದಿಮೂರು ವರ್ಷದ ಮೈಕೆಲೇಂಜೆಲೊ ಕೆಲಸ ಕಲಿಯಲು ಗಿರ್ಲಾಂದಾಯೊನ ಕಾರ್ಯಾಗಾರಕ್ಕೆ ಸೇರಿದ.

ಚಿತ್ರದ ವಸ್ತು, ಮೂವರು ಜ್ಞಾನಿಗಳು ಬಾಲಯೇಸುವಿಗೆ ಕಾಣಿಕೆ ತಂದದ್ದು. ನಡುವೆ ಮರಿಯಳ ಮೈಮೇಲೆ ಆ ದುಬಾರಿ ನೀಲಿ. ಸುತ್ತ ನಿಂತವರಲ್ಲಿ ತೆಸೋರಿಯ ಮುಖವಿದೆ, ರೇಷ್ಮೆ ಸಂಘದ ಗಣ್ಯರ ಮುಖಗಳಿವೆ. ಎಡಗಡೆ, ದೂರದ ಬಯಲಿನಲ್ಲಿ, ಹೆರೋದನ ಸೈನಿಕರು ಕೂಸುಗಳನ್ನು ಕಡಿಯುತ್ತಿದ್ದಾರೆ, ತಾಯಂದಿರು ಸೈನಿಕರ ಕೂದಲಿಗೆ ಕೈಹಾಕಿದ್ದಾರೆ. ಎದುರಿಗೆ, ಎಲ್ಲರಿಗಿಂತ ಮುಂದೆ, ಬಿಳಿ ಬಟ್ಟೆಯ ಇಬ್ಬರು ಪುಟ್ಟ ಮಕ್ಕಳು ಮೊಣಕಾಲೂರಿದ್ದಾರೆ. ತಲೆಯ ಹಿಂದೆ ಪ್ರಭಾವಲಯ, ಮೈಮೇಲೆ ಕತ್ತಿಯ ಗಾಯದ ಕೆಂಪು ಗೆರೆ. ಸಂತ ಯೋಹಾನರಿಬ್ಬರೂ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವನೂ ಯೇಸುವಿನ ಶಿಷ್ಯನೂ, ಅವರನ್ನು ಕೈಹಿಡಿದು ಮುಂದೆ ತಂದಿದ್ದಾರೆ. ಪ್ರಾರ್ಥನೆಗೆ ಬಂದ ಸಂಸ್ಥೆಯ ಮಕ್ಕಳು ತಲೆಯೆತ್ತಿದರೆ ಕಾಣುತ್ತಿದ್ದದ್ದು ತಮ್ಮದೇ ವಯಸ್ಸಿನ ಆ ಇಬ್ಬರು, ಸಂಘದ ಗಣ್ಯರಿಗಿಂತಲೂ ಮುಂದಿನ ಸಾಲಿನಲ್ಲಿ.

ಇನ್ನು 1453ರ ಮಾತು

ಗ್ರೀಕ್ ವಿದ್ಯೆಯ ಪಾಲನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದಕ್ಕೂ ನಗರ ಬೀಳುವವರೆಗೆ ಕಾಯಬೇಕಾಗಿರಲಿಲ್ಲ. ಫ್ಲಾರೆನ್ಸಿನ ಆಡಳಿತ ಕಾರ್ಯದರ್ಶಿ ಕೊಲುಚ್ಚೊ ಸಲುತಾತಿಯ ಕರೆಗೆ ಓಗೊಟ್ಟು ಮಾನುಯೆಲ್ ಕ್ರಿಸೊಲೊರಾಸ್ ಎಂಬ ಗ್ರೀಕ್ ಪಂಡಿತ 1397ರಲ್ಲೇ ಬಂದು, ಸಂಬಳಕ್ಕೆ ಪಾಠ ಹೇಳಿದ. ಅವನ ಶಿಷ್ಯ ಲಿಯೊನಾರ್ದೊ ಬ್ರೂನಿ ಮುಂದೆ ಅದೇ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತ. 1416ರಲ್ಲಿ ಪೊಜ್ಜೊ ಬ್ರಾಚೊಲೀನಿ ಎಂಬ ವಿದ್ವಾಂಸ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ, ಭಾಷಣಕಲೆಯ ಪ್ರಾಚೀನ ರೋಮನ್ ಗುರು ಕ್ವಿಂಟಿಲಿಯನ್ನನ ಗ್ರಂಥದ ಧೂಳು ಹಿಡಿದಿದ್ದ ಪೂರ್ಣ ಪ್ರತಿಯನ್ನು ಹುಡುಕಿ ತೆಗೆದ. 1439ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಿಂದ ಆಳುತ್ತಿದ್ದ ಬೈಜಾಂಟಿಯಮ್ಮಿನ ಚಕ್ರವರ್ತಿಯೇ ಚರ್ಚುಗಳ ಮಹಾಸಭೆಗಾಗಿ ಪಂಡಿತರ ದಂಡಿನೊಡನೆ ಫ್ಲಾರೆನ್ಸಿನಲ್ಲಿದ್ದ. ವಿದ್ವಾಂಸರು ಬಂದದ್ದರಿಂದ ಫ್ಲಾರೆನ್ಸ್ ಎಚ್ಚೆತ್ತಿತು ಎನ್ನುವುದಕ್ಕಿಂತ ಎಚ್ಚೆತ್ತಿದ್ದ ಫ್ಲಾರೆನ್ಸ್ ಅವರನ್ನು ಕರೆಸಿಕೊಂಡಿತು ಎನ್ನುವುದು ವರ್ಷಗಳ ಲೆಕ್ಕಕ್ಕೆ ಹೆಚ್ಚು ಹೊಂದುತ್ತದೆ. ಕರೆಸಿಕೊಳ್ಳುವ ಹಣ ವರ್ತಕರದ್ದು. ಹುದ್ದೆಗೂ ಮರ್ಯಾದೆಗೂ ಪೈಪೋಟಿ ನಡೆಸುವ ಸಂಘಗಳಿದ್ದವು, ಅಳೆದು ಬರೆದಿಡುವ ಅಭ್ಯಾಸವಿತ್ತು, ಪ್ಲೇಗು ಕಲಿಸಿದ ಜೀವದ ಬೆಲೆ ಎಲ್ಲರಿಗೂ ಗೊತ್ತಿತ್ತು. ಮೊಗಸಾಲೆಯ ಒಂದೊಂದು ಕಲ್ಲಿನ ಹಿಂದೆಯೂ ಇವು ಇವೆ. ಜೊತೆಗೆ, ಯಾವ ಕರಾರಿನಲ್ಲೂ ಹೆಸರು ಬರದ, ಕಪ್ಪು ಸಮುದ್ರದ ದಡದಿಂದ ಬಂದ ಹುಡುಗಿಯರೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಒಂದು ಸಾಲು ಹೆಚ್ಚಿಸುವ ಅಧಿಕಾರ ನನಗಿದ್ದರೆ ಲೂಚಿಯಾಳ ಹೆಸರು ಬರೆಯುತ್ತೇನೆ.

ಬ್ರುನೆಲೆಸ್ಕಿ 1446ರ ಏಪ್ರಿಲ್‌ನಲ್ಲಿ ತೀರಿಕೊಂಡ, ಆಗಾತಾ ಬಂದ ಹದಿನಾಲ್ಕು ತಿಂಗಳಿಗೆ. ಕಲ್ಲಿನ ತೊಟ್ಟಿಯ ಜಾಗಕ್ಕೆ 1660ರಲ್ಲಿ ಮೊಗಸಾಲೆಯ ಎಡತುದಿಯಲ್ಲಿ ಕಬ್ಬಿಣದ ಸರಳಿನ ಕಿಟಕಿ ಬಂತು. ಸರಳುಗಳ ನಡುವಿನ ಸಂದು ಹಸುಗೂಸು ಮಾತ್ರ ತೂರುವಷ್ಟು. 1875ರಲ್ಲಿ ಅದನ್ನು ಮುಚ್ಚಿದರು. ಸಂಸ್ಥೆ ಇಂದಿಗೂ ಮಕ್ಕಳ ಕೆಲಸ ಮಾಡುತ್ತಿದೆ; 1988ರಲ್ಲಿ ಯುನಿಸೆಫ್‌ನ ಸಂಶೋಧನಾ ಕೇಂದ್ರವೂ ಅಲ್ಲಿ ಬಂತು. ತಸ್ಕನಿಯಲ್ಲಿ ಇನ್ನೊಚೆಂತಿ, ನೊಚೆಂತೀನಿ ಎಂಬ ಮನೆತನದ ಹೆಸರುಗಳು ಈಗಲೂ ಸಾಮಾನ್ಯ. ವಸ್ತುಸಂಗ್ರಹಾಲಯದ ಒಂದು ಕೋಣೆಯ ಗೋಡೆಗೆ ಸಣ್ಣ ಸಣ್ಣ ಡ್ರಾಯರ್‌ಗಳಿವೆ. ಒಂದೊಂದನ್ನು ಎಳೆದರೆ ಕೂಸಿನ ಕೊರಳಲ್ಲಿ ಸಿಕ್ಕ ವಸ್ತು: ಅರ್ಧಕ್ಕೆ ಕತ್ತರಿಸಿದ ಪದಕ, ಮಣಿ, ಗುಂಡಿ, ಒಂದು ತುಂಡು ರಿಬ್ಬನ್. ಮುಂದೊಂದು ದಿನ ಬಂದು ಗುರುತು ಹೇಳಲೆಂದು ಪದಕದ ಇನ್ನರ್ಧವನ್ನು ತಾಯಿ ಇಟ್ಟುಕೊಳ್ಳುತ್ತಿದ್ದಳು.